ಮಾಲೀಕರು ಅಳಿಸಿದ ಲಿನಕ್ಸ್

ನನ್ನ ಗಂಡ ಸಾನಪಾಡಾದ ಸಣ್ಣ ಆಫೀಸೊಂದರಲ್ಲಿ ಬಾಯ್ಲರ್, ಪಂಪುಗಳ ಕೈಪಿಡಿಗಳ ಚಿತ್ರ, ಬರಹ ಜೋಡಿಸಿ ಪುಟ ಕಟ್ಟುತ್ತಿದ್ದರು. ಎಲ್ಲರ ಕಂಪ್ಯೂಟರಿನಲ್ಲೂ ವಿಂಡೋಸ್, ಇವರದರಲ್ಲಿ ಮಾತ್ರ ಲಿನಕ್ಸ್. "ಪುಕ್ಕಟೆ ಸಿಸ್ಟಮ್ಮಿನ ಸಾಹುಕಾರ್ರು ಬಂದ್ರು ಮಾರ್ರೆ" ಎಂದು ಉಡುಪಿ ಕಡೆಯ ಮಾಲೀಕರು ಎಲ್ಲರೆದುರು ಹಂಗಿಸುತ್ತಿದ್ದರಂತೆ. ಇವರು ನಗುತ್ತಿದ್ದರು. ಅಂಥ ದಿನ ತಟ್ಟೆಯಲ್ಲಿ ಅರ್ಧ ರೊಟ್ಟಿ ಬಿಟ್ಟು ಏಳುತ್ತಿದ್ದರು. ನಾನು ಮನೆಯಲ್ಲೇ ಕೂತು ಅವರ ಪುಟಗಳ ಪ್ರೂಫ್ ನೋಡುತ್ತಿದ್ದೆ.

ಅವರು ತೀರಿಕೊಂಡಾಗ, ಸೂತಕ ಕಳೆಯುವ ಮೊದಲೇ, ಮಾಲೀಕರು ಡೊಂಬಿವಲಿಯ ನಮ್ಮ ಮನೆಗೆ ಮಾತಾಡಿಸಲು ಬಂದರು.

"ಅವರ ಮಿಷನ್ ಫಾರ್ಮ್ಯಾಟ್ ಮಾಡಿಸಿ ವಿಂಡೋಸ್ ಹಾಕಿದೆ. ಹೊಸಬರಿಗೆ ಆ ಲಿನಕ್ಸ್ ಎಂತಕ್ಕೆ?"

"ಅದರಾಗಿನ ಫೈಲು?"

"ಪುಸ್ತಕ ಪ್ರಿಂಟಾಗಿ ಉಂಟಲ್ಲ."

ಪ್ರೂಫಿಗೆಂದು ತಂದಿಟ್ಟ ಪ್ರತಿಗಳು ನಮ್ಮ ಪೆನ್‌ಡ್ರೈವ್‌ನಲ್ಲಿದ್ದವು. ನಾನು ಬಾಯಿ ಬಿಡಲಿಲ್ಲ.

ಆಮೇಲೆ ಮಾಜಿವಾಡಾದ ಅಂಗಡಿಯೊಂದರಲ್ಲಿ ಒಂದು ಹಳೆಯ ಕಂಪ್ಯೂಟರ್ ಕೊಂಡೆ. "ವಿಂಡೋಸ್ ಡಾಲ್ತಾ ಹೂಂ, ವಹಿನಿ, ಸಬ್ ವಹೀ ಲೇತೇ ಹೈಂ" ಎಂದ ಅಂಗಡಿಯವ; ಎಲ್ಲರೂ ವಿಂಡೋಸನ್ನೇ ಹಾಕಿಸಿಕೊಳ್ಳುತ್ತಾರಂತೆ. ಗಂಡ ಪುಟ ಕಟ್ಟಲು ಬಳಸುತ್ತಿದ್ದ ಪ್ರೋಗ್ರಾಂ ವಿಂಡೋಸ್‌ನಲ್ಲೂ ನಡೆಯುತ್ತದೆಂದು ಅವರೇ ಹೇಳಿದ್ದರು. ಆದರೆ ನಾನು ಅನುಕೂಲ ನೋಡಿ ಆರಿಸಲು ಹೋಗಿರಲಿಲ್ಲ. ಲಿನಕ್ಸೇ ಹಾಕಿಸಿದೆ. ಬಳಸುವವರ ಹೆಸರೇನೆಂದು ಕಂಪ್ಯೂಟರ್ ಕೇಳಿದಾಗ ಗಂಡನ ಹೆಸರು ಕೊಟ್ಟೆ.

ಮಾಲೀಕರ ಹೊಸ ಕೈಪಿಡಿಯಲ್ಲಿ ವಾಲ್ವಿನ ಚಿತ್ರ ಒಂದು ಪುಟದಲ್ಲಿ, ಬಿಸಿಯಿರುವಾಗ ತೆರೆಯಬೇಡಿ ಎಂಬ ಎಚ್ಚರಿಕೆ ಅದರ ಬೆನ್ನಿನ ಪುಟದಲ್ಲಿ ಬಂದಿತ್ತು. ಅವೆರಡೂ ಎಂದೂ ಅಗಲದಂತೆ ಗಂಡ ಪುಟ ಕಟ್ಟುತ್ತಿದ್ದರು. ಅದನ್ನು ಮಾಡಿಸಿದ್ದ, ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯವರು ಪುಸ್ತಕ ಹಿಂದಕ್ಕೆ ಕಳಿಸಿದರು. ಪ್ರೂಫಿನ ಕಾರಣಕ್ಕೆ ನನ್ನ ನಂಬರ್ ಅವರಲ್ಲಿತ್ತು; ಕೆಲಸ ಮಾಡಿಕೊಡುತ್ತೀರಾ ಎಂದು ಕೇಳಿದರು. ಒಪ್ಪಿಕೊಂಡೆ.

ಮರುದಿನ ಮಾಲೀಕರ ಫೋನು.

"ಅಕ್ಕ, ಮನೆಯಲ್ಲಿ ಆ ಹಳೇ ಫೈಲ್ ಎಂತಾದ್ರೂ ಉಂಟಾ?"

"ಅದಾವ್ರೀ."

"ಹೌದಾ? ನಾನೇ ಬಂದು ತಕೊಂಡು ಹೋಗ್ತೇನೆ."

"ಬ್ಯಾಡ್ರಿ. ನಿಮ್ಮ ವಿಂಡೋಸಿಗೆ ಅವು ಎಂತಕ್ಕೆ?"

"ಹಾಗಾದ್ರೆ ಲಿನಕ್ಸೇ ಹಾಕಿಸ್ತೇನೆ. ಹೇಗೆ ಮಾಡುದು, ಅದಾದ್ರೂ ಹೇಳಿ."

"ಹೇಳಿಕೊಡಾಕ ನಿಮ್ಮ ಆಫೀಸಿನ್ಯಾಗ ಒಬ್ರು ಇದ್ರಲ್ರೀ."

ಫೋನ್ ಇಟ್ಟು, ಎಚ್ಚರಿಕೆಯನ್ನು ಮತ್ತೆ ಚಿತ್ರದ ಕೆಳಗೆ ತಂದು ಕೂರಿಸಿದೆ. ಆ ದಿನ ತಟ್ಟೆಯಲ್ಲಿ ರೊಟ್ಟಿ ಬಿಡಲಿಲ್ಲ.