ಮೈಕಿನ ಮುಂದೆ ಆಡಿದ ಮಾತು

ಹತ್ತನೆಯ ತರಗತಿಯ ಫಲಿತಾಂಶ ಬಂದ ಮೇಲೆ ಡೊಂಬಿವಲಿಯಲ್ಲಿ ನೆಲೆಸಿದ ನಮ್ಮ ಕುಂದಾಪುರ ಕಡೆಯವರ ಸಂಘದಲ್ಲಿ ಪ್ರತಿವರ್ಷ ಸನ್ಮಾನ ಇರುತ್ತಿತ್ತು. ಒಳ್ಳೆಯ ಅಂಕ ತೆಗೆದ ಮಕ್ಕಳನ್ನು ವೇದಿಕೆಗೆ ಕರೆದು, ಶಾಲು ಹೊದೆಸಿ, ಗುಲಾಬಿ ಕೊಟ್ಟು ಸುಮ್ಮನೆ ಕಳಿಸಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ನಮ್ಮವರಿಗೆ ಅಷ್ಟಕ್ಕೆ ಸಮಾಧಾನವಿಲ್ಲ. ಮೈಕನ್ನು ಮಗುವಿನ ಬಾಯಿಗೆ ಹಿಡಿದು, "ಮುಂದೆ ಎಂತ ಆಗ್ಬೇಕು ಅಂತ ಉಂಟು?" ಎಂದು ಕೇಳಲೇಬೇಕು. ಎದುರಿಗೆ ಸಭಾಂಗಣ ತುಂಬ ಊರಿನವರು, ನೆಂಟರು, ಹೋಟೆಲಿನ ಧಣಿಗಳು.

ಆ ವರ್ಷ ನಾನೂ ಶಾಲು ಹೊದ್ದು ನಿಂತಿದ್ದೆ. ಓದಿದ್ದು ಕನ್ನಡ ಶಾಲೆಯಲ್ಲಿ, ಮನೆಯಲ್ಲಿ ಆಡುತ್ತಿದ್ದದ್ದು ಕುಂದಾಪುರದ ಕನ್ನಡ. ಮುಂದೇನು ಎಂದು ಯೋಚಿಸಿರಲಿಲ್ಲ ಎಂದಲ್ಲ. ಯೋಚಿಸಿದಾಗಲೆಲ್ಲ ಹೆದರಿಕೆಯಾಗುತ್ತಿತ್ತು, ಅದಕ್ಕೇ ಬಿಟ್ಟಿದ್ದೆ. ನನಗಿಂತ ಮುಂದಿದ್ದ ಹುಡುಗಿ "ಡಾಕ್ಟರ್" ಎಂದಳು. ಜೋರಾಗಿ ಚಪ್ಪಾಳೆ ಬಿತ್ತು. ಮೈಕು ನನ್ನತ್ತ ಬಂತು. ತಲೆಯಲ್ಲಿ ಇದ್ದದ್ದು ಆಗಷ್ಟೇ ಕೇಳಿದ ಆ ಒಂದೇ ಶಬ್ದ. "ಡಾಕ್ಟರ್" ಎಂದೆ. ಮತ್ತೆ ಚಪ್ಪಾಳೆ. ಮುಖ್ಯ ಅತಿಥಿಗಳು ಬೇರೆ ಯಾರೂ ಅಲ್ಲ, ಅಪ್ಪ ಕ್ಯಾಶ್ ಕೌಂಟರಿನಲ್ಲಿ ಕೂರುತ್ತಿದ್ದ ಹೋಟೆಲಿನ ಧಣಿಗಳೇ. ಅವರು ಮೈಕು ಇಸಿದುಕೊಂಡು, "ನಮ್ಮ ಹೋಟೆಲಿನ ಮಗಳು ಡಾಕ್ಟರ್ ಆಗ್ತಾಳೆ, ಇನ್ನು ನಮಗೆಲ್ಲ ಫುಕಟ್ ಟ್ರೀಟ್‌ಮೆಂಟ್!" ಎಂದರು. ಸಭೆ ನಕ್ಕಿತು. ಹಿಂದಿನ ಸಾಲಿನಲ್ಲಿ ಅಪ್ಪ ಎದ್ದು ನಿಂತು ಎಲ್ಲರಿಗೂ ಕೈ ಮುಗಿದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ಪರೀಕ್ಷೆಯಲ್ಲಿ ವಿಸ್ತರಿಸಿ ಬರೆದು ಪೂರ್ತಿ ಅಂಕ ಪಡೆದವಳು ನಾನು. ಅದರ ಅರ್ಥ ತಿಳಿದದ್ದು ಮಾತ್ರ ಮರುದಿನದಿಂದ. ಅಪ್ಪ ಕೌಂಟರಿಗೆ ಬರುವ ಗಿರಾಕಿಗಳಿಗೆಲ್ಲ ಹೇಳಿದರು. ಬಿಲ್ಡಿಂಗಿನ ಮರಾಠಿ ಅಜ್ಜಿ ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ "ಕಾಯ್ ಡಾಕ್ಟರೀಣ್‌ಬಾಯಿ, ಮಾಝಾ ಗುಡಘಾ ಬಘ್" ಎಂದು ಮೊಣಕಾಲು ತೋರಿಸತೊಡಗಿದರು. ಊರಿಂದ ಫೋನು ಬಂದರೆ ಅಮ್ಮ ಕ್ಷೇಮಸಮಾಚಾರಕ್ಕಿಂತ ಮೊದಲು ಅದನ್ನೇ ಹೇಳುತ್ತಿದ್ದಳು.

ನನಗೆ ಹೆದರಿಕೆ. ಸೈನ್ಸ್ ಎಂದರೆ ಎಲ್ಲವೂ ಇಂಗ್ಲಿಷಿನಲ್ಲಿ. ದ್ಯುತಿಸಂಶ್ಲೇಷಣೆ ಎಂದು ಬಾಯಿಪಾಠ ಮಾಡಿದ್ದಕ್ಕೆ ಅಲ್ಲಿ ಏನೆನ್ನುತ್ತಾರೋ! ನಮ್ಮ ಶಾಲೆಯಿಂದ ಹಿಂದಿನ ವರ್ಷ ಸೈನ್ಸ್‌ಗೆ ಹೋದ ಹುಡುಗಿ ದೀಪಾವಳಿಗೆ ಮುಂಚೆಯೇ ಕಾಲೇಜು ಬಿಟ್ಟು ಮನೆಯಲ್ಲಿ ಕೂತಿದ್ದಳು, ಯಾರಾದರೂ ಬಂದರೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ನನ್ನ ಗತಿಯೂ ಅದೇ, ಧಣಿಗಳ ಎದುರು ಅಪ್ಪ ತಲೆ ತಗ್ಗಿಸಿ ನಿಲ್ಲಬೇಕಾಗುತ್ತದೆ ಎಂದು ಯೋಚಿಸಿ ಯೋಚಿಸಿ ಊಟ ಸೇರುತ್ತಿರಲಿಲ್ಲ. ಬೇಡ ಎನ್ನೋಣವೆಂದರೆ, ಹಾಗಾದರೆ ಏನು ಬೇಕು ಎಂದು ಕೇಳುತ್ತಾರೆ. ಆಗ ಏನು ಹೇಳಲಿ? ಬಿಸಿತುಪ್ಪ, ನುಂಗಲೂ ಆಗದು, ಉಗುಳಲೂ ಆಗದು.

ಅಡ್ಮಿಷನ್ ಇದ್ದದ್ದು ಠಾಣೆಯ ಒಂದು ಕಾಲೇಜಿನಲ್ಲಿ. "ಇರಲಿ, ಒಂದಕ್ಕೆರಡು" ಎಂದು ಶಾಲೆಯ ಟೀಚರ್ ಕಾಮರ್ಸ್‌ಗೂ ಅರ್ಜಿ ಹಾಕಿಸಿದ್ದರು. ಅಲ್ಲಿಯ ಎರಡೂ ಪಟ್ಟಿಗಳಲ್ಲಿ ನನ್ನ ಹೆಸರು ಬಂದಿತ್ತು. ಕೊನೆಯ ದಿನ ಅಪ್ಪ ರಜೆ ಹಾಕಿ ನನ್ನ ಜೊತೆ ಹೊರಟರು. ಅಮ್ಮನ ಎದುರು ಹೇಳಲಾಗದ್ದನ್ನು ಟ್ರೇನಿನಲ್ಲಿ ಅಪ್ಪನಿಗೆ ಹೇಳಿಬಿಡಬೇಕೆಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಎಂಥ ಪೆದ್ದಿ! ಗಾಡಿ ಬಂದದ್ದೇ, ಅಪ್ಪ ಯಾವತ್ತಿನಂತೆ ನನ್ನನ್ನು ಲೇಡೀಸ್ ಡಬ್ಬಿಗೆ ಹತ್ತಿಸಿ ತಾವು ಜನರಲ್ ಡಬ್ಬಿಗೆ ಓಡಿದರು. ದಿವಾ, ಮುಂಬ್ರಾ ದಾಟಿ ಠಾಣೆಯವರೆಗೂ ಗುರುತಿಲ್ಲದ ಹೆಂಗಸರ ಮೊಣಕೈಗಳ ನಡುವೆ ನಿಂತು ಒಬ್ಬಳೇ ಬೆವರಿದೆ.

ಕಾಲೇಜಿನಲ್ಲಿ ಸೈನ್ಸ್‌ಗೆ ಒಂದು ಸಾಲು, ಕಾಮರ್ಸ್‌ಗೆ ಒಂದು. ನಾವು ಸೈನ್ಸಿನ ಸಾಲಿನಲ್ಲಿ ನಿಂತೆವು. ಅದು ನಿಧಾನವಾಗಿ ಮುಂದೆ ಸರಿಯಿತು. ಗುಮಾಸ್ತರ ಕಿಟಕಿ ಕಾಣಿಸಿದ ಕೂಡಲೇ ಅಳು ಒತ್ತರಿಸಿ ಬಂತು.

"ಅಪ್ಪಾ, ನಂಗೆ ಸೈನ್ಸ್ ಬ್ಯಾಡ. ಅವತ್ತ್ ಹೆದ್ರಿ ಹೇಳಿದ್ದ್."

ಗದರಿಸುತ್ತಾರೆಂದು ಕಣ್ಣು ಮುಚ್ಚಿದೆ. ತೆರೆದು ನೋಡಿದರೆ ಅಪ್ಪನ ಮುಖವೂ ಬಿಳಿಚಿತ್ತು.

"ಹಂಗಾರೆ ಎಂತ ಬೇಕ್?"

"ಗೊತ್ತಿಲ್ಲೆ."

"ನಂಗೂ ಗೊತ್ತಿಲ್ಲೆ ಮಗಾ. ನನ್ನ ಯಾರೂ ಕೇಳ್ಲೇ ಇಲ್ಲೆ. ಮಾವ ಊರಿಂದ ಬಸ್ಸಿಗೆ ಹತ್ಸಿ ಕರ್ಕಂಡ್ ಬಂದ್ರ್, ಹೋಟ್ಲಗೆ ಟೇಬಲ್ ಒರ್ಸು ಅಂದ್ರ್, ಒರ್ಸ್ದೆ. ಆರ್ಸೂದ್ ಹ್ಯಾಂಗೆ ಅಂತ ನಂಗೆಲ್ಲಿ ಗೊತ್ತಿತ್ತ್? ನೀ ಒಂದ್ ಹೇಳ್ದಿ ಅಲ್ದಾ, ಬದ್ಕಿದೆ ಅಂತ ಅದನ್ನೇ ಗಟ್ಟಿ ಹಿಡ್ಕಂಡೆ."

ಅಪ್ಪನಿಗೂ ಹೆದರಿಕೆಯಾಗುತ್ತದೆ ಎಂಬುದು ಅಲ್ಲಿಯವರೆಗೆ ನನಗೆ ತಿಳಿದಿರಲಿಲ್ಲ. ಅವರು ಬೈದಿದ್ದರೆ ಎಷ್ಟೋ ಸುಖವಿತ್ತು. ದಾರಿ ಬಲ್ಲವರು ಮನೆಯಲ್ಲಿ ಒಬ್ಬರೂ ಇಲ್ಲ ಎಂದು ತಿಳಿದಾಗ ನನ್ನ ಹೆದರಿಕೆ ಇಮ್ಮಡಿಯಾಯಿತು.

ಅಪ್ಪ ಆಚೆಯ ಕಾಮರ್ಸ್ ಸಾಲನ್ನು ನೋಡಿದರು. "ನೀ ಇಲ್ಲೇ ನಿಲ್. ನಾ ಆ ಲೈನಗೆ ನಂಬರ್ ಹಿಡಿತೆ. ಯಾವ್ದ್ ಬೇಕ್ ಅಂತ ನೀನೇ ಕಾಣ್" ಎಂದು ಹೋಗಿಬಿಟ್ಟರು. ನೀರಿಗೋ ಗ್ಯಾಸಿಗೋ ಟಿಕೇಟಿಗೋ ಮನೆಯವರು ಎರಡು ಸಾಲಿನಲ್ಲಿ ನಿಂತು, ಯಾವುದು ಬೇಗ ಸರಿಯುತ್ತದೋ ಅಲ್ಲಿಗೆ ಹಾರುವುದು ಡೊಂಬಿವಲಿ ಕಡೆಯ ಸ್ಟೇಷನ್ನುಗಳಲ್ಲಿ, ಸಾಲುಮನೆಗಳ ಚಾಳುಗಳಲ್ಲಿ ಎಲ್ಲರಿಗೂ ಅಭ್ಯಾಸ. ಅಪ್ಪನಿಗೆ ಗೊತ್ತಿದ್ದ ಉಪಾಯ ಅದೊಂದೇ.

ಎರಡೂ ಸಾಲು ಸರಿಯುತ್ತಿದ್ದವು. ಅಪ್ಪನ ಮುಖದಲ್ಲಿ ಏನಾದರೂ ಸೂಚನೆ ಸಿಕ್ಕೀತೆಂದು ಮತ್ತೆ ಮತ್ತೆ ಆಚೆ ನೋಡಿದೆ. ಅವರು ಬೇಕೆಂದೇ ಗೋಡೆಯ ಕಡೆ ತಿರುಗಿ ನಿಂತಿದ್ದರು. ಬೆನ್ನಿಗೆ ಅಂಗಿ ಬೆವರಿನಲ್ಲಿ ಅಂಟಿತ್ತು. ನನ್ನ ಮುಂದೆ ಇಬ್ಬರೇ ಉಳಿದರು, ಆಮೇಲೆ ಒಬ್ಬ. ಇನ್ನು ನನ್ನನ್ನು ಕರೆಯುತ್ತಾರೆ ಎನ್ನುವಾಗ ಸಾಲು ಬಿಟ್ಟು ಹೊರಗೆ ಬಂದೆ. ಹಿಂದಿದ್ದ ಹುಡುಗಿ ತಕ್ಷಣ ನನ್ನ ಜಾಗಕ್ಕೆ ಸರಿದಳು. ಬೇಕೆಂದರೂ ಇನ್ನು ಅಲ್ಲಿಗೆ ಮರಳುವಂತಿರಲಿಲ್ಲ.

ಅಪ್ಪನ ಹತ್ತಿರ ಹೋಗಿ ನಿಂತೆ.

"ಖಂಡಿತವಾ?" ಎಂದು ಕೇಳಿದರು.

"ಅಲ್ಲ" ಎಂದೆ.

"ಆಯ್ತ್" ಎಂದರು. ತಮ್ಮ ಜಾಗವನ್ನು ನನಗೆ ಬಿಟ್ಟುಕೊಟ್ಟು, ನನ್ನ ಹಿಂದೆ ನಿಂತರು.