ನರ್ಸಬಾಯಿ ಹೇಳಿದ ಸಿನಿಮಾ

ಅಫಜಲಪುರದ ನಮ್ಮ ಓಣಿಯಲ್ಲಿ ಮೊದಲು ಟಿವಿ ಬಂದದ್ದು ನಮ್ಮ ಮನೆಗೆ. ಎಂಬತ್ತರ ದಶಕದ ಕೊನೆಯ ಮಾತು. ಭಾನುವಾರ ಸಂಜೆ ಹಿಂದಿ ಸಿನಿಮಾ ಶುರುವಾಗುವ ಮೊದಲೇ ನಾನು ಪಡಸಾಲೆಯ ಕಸ ಹೊಡೆದು, ಜಮಖಾನೆ ಹಾಸಿ, ಮೂಲೆಯಲ್ಲಿ ಒಂದು ಕೊಡ ನೀರು ಇಡುತ್ತಿದ್ದೆ. ಮಂದಿ ಬಂದು ನೋಡುತ್ತಿದ್ದರು. ನಡುವೆ ಕರೆಂಟು ಹೋದರೆ ನಮ್ಮನ್ನು ಬಯ್ದು ಮನೆಗೆ ಹೋಗುತ್ತಿದ್ದರು.

ನಮ್ಮ ಅತ್ತೆಗೆ ಸಂತೆಯ ಉರ್ದು ತಿಳಿಯುತ್ತಿತ್ತು, ಸಿನಿಮಾದ ಹಿಂದಿ ತಿಳಿಯುತ್ತಿರಲಿಲ್ಲ. ಅದಕ್ಕಾಗಿ ಸರಕಾರಿ ದವಾಖಾನೆಯ ನರ್ಸಬಾಯಿಯನ್ನು ಮಗ್ಗುಲಲ್ಲೇ ಕೂಡಿಸಿಕೊಳ್ಳುತ್ತಿದ್ದರು. ಅವರು ಮುಸಲ್ಮಾನರು, ಆಳಂದದಿಂದ ವರ್ಗವಾಗಿ ಬಂದವರು. ತೆರೆಯ ಮೇಲಿನ ಮಾತನ್ನೆಲ್ಲ ಕನ್ನಡದಲ್ಲಿ ಹೇಳುತ್ತಿದ್ದರು. ನಾಯಕ ಕೂಗಲಿ, ನಾಯಕಿ ಅಳಲಿ, ಅವರ ದನಿ ಮಾತ್ರ ಔಷಧ ಯಾವ ಹೊತ್ತಿಗೆ ತಗೋಬೇಕು ಎಂದು ಹೇಳುವಂತೆಯೇ ಇರುತ್ತಿತ್ತು.

ಆ ವರ್ಷ ನಮ್ಮ ಹಿತ್ತಲ ಮನೆ ಖಾಲಿಯಾಗಿತ್ತು. ಅದರಲ್ಲಿದ್ದ ಮಾಸ್ತರರು ಜೇವರ್ಗಿಗೆ ಹೋಗಿದ್ದರು. ನರ್ಸಬಾಯಿ ಅದನ್ನು ಬಾಡಿಗೆಗೆ ಕೇಳಿದರು. ದವಾಖಾನೆಯ ಔಷಧದ ಕೋಣೆಯಲ್ಲಿ ಡಬ್ಬಿಗಳ ನಡುವೆ ಮಂಚ ಹಾಕಿಕೊಂಡಿದ್ದರು. ಕಣ್ಣು ಮಂಜಾದ ತಾಯಿಯನ್ನು ಆಳಂದದಿಂದ ಕರೆಸಿಕೊಳ್ಳಲು ಒಂದು ಮನೆ ಬೇಕಾಗಿತ್ತು.

"ಕೊಟ್ಟಬಿಟ್ಟೇವಲ್ಲ ತಂಗಿ, ನಮ್ಮ ಅಣ್ಣನ ಮಗಗ" ಎಂದರು ಅತ್ತೆ.

ಅತ್ತೆಗೆ ಅಣ್ಣನೇ ಇರಲಿಲ್ಲ. ಮಾತು ಸುಳ್ಳಾಗಬಾರದೆಂದು ಮರುದಿನವೇ ಅಲ್ಲಿ ತೊಗರಿಯ ಚೀಲ ಹೊಂದಿಸಿ ಬೀಗ ಹಾಕಿಸಿದರು. ದಿನಾ ಮುಂಜಾನೆ ಲಿಂಗಪೂಜೆ ಮಾಡಿ ವಚನ ಹೇಳಿಯೇ ಚಹಾ ಕುಡಿಯುವ ಹೆಂಗಸು. ಆ ಮುಂಜಾನೆಯೂ ಒಂದೂ ಬಿಡದೆ ಹೇಳಿದರು.

ಆ ಮನೆಯ ಓಣಿ ಕಡೆಯ ಕಿಟಕಿಗೆ ಬಾಗಿಲಿರಲಿಲ್ಲ. ಅಣ್ಣನ ಮಗ ಎಂಥವನೆಂಬುದು ಓಣಿಯಲ್ಲಿ ಹೋಗುವವರಿಗೆಲ್ಲ ಕಾಣುತ್ತಿತ್ತು. ನರ್ಸಬಾಯಿ ಮನೆ ಮನೆಗೆ ಗುಳಿಗೆ ಕೊಡಲು ದಿನಾ ಅದೇ ಓಣಿಯಲ್ಲಿ ಹೋಗುತ್ತಿದ್ದರು. ಆದರೂ ಭಾನುವಾರ ಎಂದಿನಂತೆ ಬಂದು ಅತ್ತೆಯ ಮಗ್ಗುಲಲ್ಲಿ ಕೂತರು.

ಅವತ್ತಿನ ಸಿನಿಮಾದಲ್ಲಿ ಒಬ್ಬ ವಿಧವೆ ಟೀಚರು ಶಹರದಲ್ಲಿ ಬಾಡಿಗೆ ಮನೆ ಹುಡುಕುತ್ತಾಳೆ.

"ಏನಂತಾನಬೇ ಆ ಮಾಲಕ?"

"ಹೆಸರು ಕೇಳಾಕತ್ತಾನ್ರಿ."

"ಈಗ?"

"ಮನಿ ನಿನ್ನೆನೇ ಕೊಟ್ಟೇವಿ ಅನ್ನಾಕತ್ತಾನ್ರಿ."

"ಸುಳ್ಳ ಹೇಳತಾನ ಭಾಡ್ಯಾ! ಮನಿ ಖಾಲಿ ಐತಿ, ಕಾಣಂಗಿಲ್ಲೇನು?"

"ಹೌದ್ರಿ ಅವ್ವಾರ, ಕಾಣತೈತಿ."

ನಾನು ನೀರು ಕೊಡುವ ನೆವದಲ್ಲಿ ಎದ್ದೆ. ಯಾರೂ ನೀರು ಕೇಳಿರಲಿಲ್ಲ.

ಟೀಚರು ಹೆಸರು ಬದಲಿಸಿ ಇನ್ನೊಂದು ಮನೆ ಹಿಡಿಯುತ್ತಾಳೆ. ಜಾತಿಯ ಗುಟ್ಟು ಬಯಲಾದ ದಿನ ಅವಳ ಭಾಂಡೆಗಳೆಲ್ಲ ಬೀದಿಗೆ ಬೀಳುತ್ತವೆ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ಆ ಮಾಲಕನ ವಂಶಕ್ಕೆಲ್ಲ ಬಯ್ದು, ಉಣ್ಣದೆ ಮಲಗಿದರು.

ಸಿನಿಮಾ ಕೆಲಸ ಮಾಡಿತು ಎಂದುಕೊಂಡೆ. ಮಾಡಿತ್ತು. ಮುಂಜಾನೆ ಆಳು ಕರೆಸಿ ಚೀಲ ತೆಗೆಸಿದರು. ಗುಳಿಗೆ ಕೊಡಲು ಓಣಿಗೆ ಬಂದಿದ್ದ ನರ್ಸಬಾಯಿಯನ್ನು ಬಾಗಿಲಲ್ಲೇ ತಡೆದು, ದನಿ ಇಳಿಸಿ ಹೇಳಿದರು:

"ಮನಿ ನಿನಗ ಕೊಡತೇನಿ ತಂಗಿ. ಆದ್ರ ಸಿನಿಮಾದಾಗ ಅಕಿ ಹೆಸರ ಬದಲ ಮಾಡಿಕೊಂಡಿದ್ಲಲ್ಲ, ಹಂಗ ನೀನೂ ಒಂದ ಹೆಸರ ಇಟಗೋ. ನಿಮ್ಮವ್ವಗೂ ಒಂದ ಹುಡುಕೋಣು. ಓಣಿ ಮಂದಿ ಬಾಯಿ ನಿನಗ ಗೊತ್ತಿಲ್ಲ."

"ಅಕಿ ಕಡೀಕ ಬೀದಿಗೆ ಬಂದ್ಲಲ್ರಿ?"

"ಅಲ್ಲಿ ಮಾಲಕ ಕೆಟ್ಟಾಂವಬೇ. ಇಲ್ಲಿ ನಾ ಇದ್ದೇನಲ್ಲ!"

ಅತ್ತೆ ಮನಸ್ಸಿನಲ್ಲಿ ಕಪಟವಿಟ್ಟು ಹೇಳಿದ ಮಾತಲ್ಲ ಅದು. ರಾತ್ರಿಯೆಲ್ಲ ವಿಚಾರ ಮಾಡಿ ತೆಗೆದ ದಾರಿ.

ನರ್ಸಬಾಯಿ ತಮ್ಮ ಔಷಧದ ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡರು. "ನಮ್ಮವ್ವಗ ಕಣ್ಣ ಕಾಣಂಗಿಲ್ರಿ. ಹೆಸರ ಹಿಡದ ಕರದ್ರೇ ಯಾರ ಅಂತ ತಿಳಿತೈತಿ. ಹೆಸರ ಬ್ಯಾಡಂದ್ರ ಮನೀನೂ ಬ್ಯಾಡ್ರಿ" ಎಂದು ಹೇಳಿ ಡ್ಯೂಟಿಗೆ ಹೋದರು.

"ಇಷ್ಟ ಸೊಕ್ಕ ಇರಬಾರದು" ಎಂದರು ಅತ್ತೆ. ಸಂಜೆಯೂ ಅದನ್ನೇ ಅಂದರು. ಮುಂದಿನ ಭಾನುವಾರ ನರ್ಸಬಾಯಿ ಬರಲಿಲ್ಲ. ತಿಳಿಸಿ ಹೇಳು ಎಂದು ನನ್ನನ್ನು ಕೂಡಿಸಿಕೊಂಡರು. ನನಗೆ ಅಷ್ಟು ಹಿಂದಿ ಎಲ್ಲಿಯದು? ನಾಯಕನ ಅಣ್ಣನನ್ನು ಅವನ ಅಪ್ಪ ಎಂದು ಹೇಳಿ ಕತೆಯನ್ನೆಲ್ಲ ಕೆಡಿಸಿದೆ. ಅತ್ತೆ ಅರ್ಧಕ್ಕೇ ಎದ್ದು ಅಡುಗೆಮನೆಗೆ ಹೋದರು.

ಸೋಮವಾರ ನನ್ನನ್ನು ಕರೆದುಕೊಂಡು ದವಾಖಾನೆಗೆ ನಡೆದರು. ಸೂಜಿ ಕೋಣೆಯ ಮುಂದೆ ಪಾಳಿ ಹಚ್ಚಿ ನಿಂತವರಲ್ಲಿ ಅರ್ಧ ನಮ್ಮ ಓಣಿಯವರೇ. ಅತ್ತೆ ಕಿಟಕಿಯ ಸರಳು ಹಿಡಿದು ನರ್ಸಬಾಯಿಯ ಹೆಸರನ್ನು, ತಂದೆಯ ಹೆಸರೂ ಸೇರಿಸಿ, ಹೊಲದ ಆಚೆ ದಂಡೆಯಲ್ಲಿದ್ದವರನ್ನು ಕೂಗುವಂತೆ ಕೂಗಿದರು. ಪಾಳಿ ಪೂರಾ ತಿರುಗಿ ನೋಡಿತು.

"ನಮ್ಮ ಹಿತ್ತಲ ಮನಿ ಬಾಡಿಗಿಗೆ ಐತಿ. ನಿಮ್ಮವ್ವನ್ನ ಕರಕೊಂಡ ಬರ್ತೀ ಏನು?"

ನರ್ಸಬಾಯಿ ಒಬ್ಬ ಮುದುಕನ ತೋಳಿಗೆ ಹತ್ತಿ ಒತ್ತಿ ಹಿಡಿದಿದ್ದರು. "ಮನಿ ನೋಡಿ ಹೇಳತೇನ್ರಿ" ಎಂದರು.

ಸಂಜೆ ಬಂದರು. ಗೋಡೆ ತಟ್ಟಿ ನೋಡಿದರು, ಹೊಸ್ತಿಲು ಎತ್ತರವಾಯಿತು, ತಾಯಿ ಎಡವುತ್ತಾಳೆ ಎಂದರು. ಅತ್ತೆ ಮರುದಿನ ಗೌಂಡಿಯನ್ನು ಕರೆಸಿ ಹೊಸ್ತಿಲಿನ ಮುಂದೆ ಒಂದು ಮೆಟ್ಟಿಲು ಕಟ್ಟಿಸಿದರು.