ಶರಣಮ್ಮನ ಹೊಸ್ತಿಲ ಮೇಲೆ ಅಜ್ಜಿ ಗೊಂಬೆ

ನೋಡ್ರಪ್ಪಾ, ನಾನು ಕೈಯಾರೆ ಹೊಲಿದ ಗೊಂಬೆಗೆ ಇವತ್ತು ಶಹಾಬಾದಿನ ನಮ್ಮ ಓಣಿಯಲ್ಲಿ ಬೆಂಕಿ ಬೀಳುವುದು ಸ್ವಲ್ಪದರಲ್ಲೇ ತಪ್ಪಿತು.

ಪಕ್ಕದ ಮನೆಯ ಶರಣಮ್ಮನ ಮೊಮ್ಮಗಳ ಹುಟ್ಟುಹಬ್ಬಕ್ಕೆಂದು ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಒಂದು ಅಜ್ಜಿ ಗೊಂಬೆ ಮಾಡಿದ್ದೆ. ತಲೆಗೆ ನನ್ನ ಬಾಚಣಿಗೆಗೆ ಬಂದ ನರೆಗೂದಲನ್ನೇ ಅಂಟಿಸಿದ್ದೆ. ಸೆರಗು ಜಾರದಿರಲಿ ಎಂದು ಎದೆಗೊಂದು ಗುಂಡುಸೂಜಿ ಚುಚ್ಚಿದ್ದೆ. ಮಗು ಎದ್ದ ಕೂಡಲೇ ಕಂಡು ನಗಲಿ ಎಂದು ನಸುಕಿನಲ್ಲೇ ಅವರ ಹೊಸ್ತಿಲ ಮೇಲೆ ಕೂರಿಸಿ ಬಂದೆ. ಇವತ್ತು ಅಮಾವಾಸ್ಯೆ ಎಂಬುದೇ ನೆನಪಿರಲಿಲ್ಲ.

ಸ್ವಲ್ಪ ಹೊತ್ತಿಗೆ ಶರಣಮ್ಮನ ಕೂಗು ಕೇಳಿಸಿತು. "ಯಾರೋ ಮಾಟ ಮಾಡ್ಸ್ಯಾರ್ರೀ! ಕೂದಲ ಅದಾವ, ಸೂಜಿ ಅದ! ಯಾರೂ ಮುಟ್ಟಬ್ಯಾಡ್ರಿ, ಕಡ್ಡಿಪೆಟ್ಟಿಗಿ ತರ್ರಿ!"

ನಾನು ಓಡಿದೆ. "ತಡಿ ಶರಣಮ್ಮಾ, ಅದು ನಾ ಮಾಡಿದ್ದು!"

ಅವಳು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ನೀನಾ ಅಕ್ಕಾ? ನಿನಗ ನಾ ಏನ್ ಮಾಡೀನಿ?"

"ಕೂಸಿನ ಹುಟ್ಟುಹಬ್ಬಕ್ಕ ಮಾಡೀನವ್ವಾ."

"ಹಂಗಿದ್ರ ಬಾಗಿಲಾ ಬಡದು ಕೊಡಬೇಕಿಲ್ಲ? ಕಳ್ಳರಂಗ ಯಾಕ ಇಟ್ಟು ಹೋದಿ?"

ಸೂಜಿ ಕಿತ್ತೆ, ಹೊಲಿಗೆ ಬಿಚ್ಚಿ ಒಳಗಿನ ಹತ್ತಿ ತೋರಿಸಿದೆ. ಅವಳು ದೂರದಿಂದಲೇ ಇಣುಕಿ ಕೊನೆಗೆ ತೀರ್ಪು ಕೊಟ್ಟಳು. "ಇವತ್ತೊಂದಿನ ನಿಮ್ಮನ್ಯಾಗ ಇರ್ಲಿ. ನಿನಗೇನೂ ಆಗಲಿಲ್ಲಂದ್ರ ನಾಳಿ ಒಯ್ತೀನಿ."

ಗೊಂಬೆ ಈಗ ನಮ್ಮ ಕಪಾಟಿನಲ್ಲಿ ಕೂತಿದೆ. ಅದರೊಳಗೆ ಹತ್ತಿ ಬಿಟ್ಟು ಬೇರೇನೂ ಇಲ್ಲ, ತುಂಬಿದವಳು ನಾನೇ. ಆದರೂ ಅದರ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿ ಇಟ್ಟಿದ್ದೇನೆ.